ಒಂದು ಉಸಿರಿಗೆ ನಾಲ್ಕು

ನನ್ನ ಗಂಡನ ನಾಡಿ ನಿಮಿಷಕ್ಕೆ ನಲವತ್ತೆಂಟು ಸಲ ಬಡಿಯುತ್ತಿತ್ತು. ಅವರು ಮಾಡಿದ್ದ ತಪ್ಪು ಅದೊಂದೇ. ಆ ತಪ್ಪಿಗಾಗಿ ಕಪ್ಪತಗುಡ್ಡದ ಬುಡದಲ್ಲಿರುವ ಸಮನಾಡಿ ಕೇಂದ್ರದ ಎರಡನೇ ಮಹಡಿಯಲ್ಲಿ ಐದು ವಾರಗಳಿಂದ ಕೂತಿದ್ದರು. ಅವರನ್ನು ಅಲ್ಲಿ ಕೂರಿಸಿದ ಯಂತ್ರವನ್ನು ಕಟ್ಟಿದವಳು ನಾನು. ಅದೇ ಕಟ್ಟಡದ ನೆಲಮಹಡಿಯ ನಿಯಂತ್ರಣ ಕೊಠಡಿಯಲ್ಲಿ ನನ್ನ ಕುರ್ಚಿ.

ಈಗ ಎಲ್ಲರ ಮುಂಗೈಯಲ್ಲೂ ನಾಡಿಪಟ್ಟಿ ಇದೆ. ಹಸಿರು ದೀಪ ಉರಿದರೆ ದೇಹ ಸಮವಾಗಿದೆ ಎಂದು ಅರ್ಥ. ನೀಲಿ ಅಂದರೆ ಶೀತ, ಕೆಂಪು ಅಂದರೆ ಉಷ್ಣ. ಹಸಿರಿಲ್ಲದವನು ಕೆಲಸಕ್ಕೆ ಹೋಗುವಂತಿಲ್ಲ, ಬಸ್ ಹತ್ತುವಂತಿಲ್ಲ. ಇಪ್ಪತ್ತೊಂದು ದಿನ ಕಾದರೂ ದೀಪ ಬದಲಾಗದಿದ್ದರೆ ಕೇಂದ್ರಕ್ಕೆ ಸೇರಲೇಬೇಕು. ಮನೆಯವರು ಸಹಿ ಹಾಕಿದರೆ ಅಷ್ಟು ದಿನ ಕಾಯುವುದೂ ಬೇಡ. ಒಮ್ಮೆ ಒಳಗೆ ಬಂದರೆ ಹಸಿರಾಗುವ ತನಕ ಬೇರೆ ಯಾವ ಡಾಕ್ಟರೂ ಮುಟ್ಟುವ ಹಾಗಿಲ್ಲ. ಎರಡು ಚಿಕಿತ್ಸೆ ಬೆರೆತರೆ ವ್ಯವಸ್ಥೆ ಕದಡುತ್ತದೆ ಎಂದು ಕಾನೂನಿನಲ್ಲೇ ಬರೆದಿದೆ. ಆ ವಾಕ್ಯವನ್ನು ಬರೆದುಕೊಟ್ಟವಳೂ ನಾನೇ. ಆಗ ನನಗೆ ಬಹಳ ಹೆಮ್ಮೆಯಾಗಿತ್ತು.

ಹೆಮ್ಮೆ ಪಡಲು ಕಾರಣವೂ ಇತ್ತು. ನಾನು ಓದಿದ್ದು ನಿಯಂತ್ರಣ ಎಂಜಿನಿಯರಿಂಗ್. ಯಂತ್ರಕ್ಕೆ ತಳಹದಿಯಾದ ಚೀನೀ ವೈದ್ಯಪದ್ಧತಿ ಅಂದರೆ ಸೂಜಿ, ಕಷಾಯ, ಒಂದಿಷ್ಟು ಮಂತ್ರ ಎಂದುಕೊಂಡಿದ್ದೆ. ಶ್ಯೆ ಅಜ್ಜಿ ಬಂದು ನನ್ನ ಅಹಂಕಾರ ಇಳಿಸಿದರು. ಶ್ಯೆ ವೆಯ್‌ಮಿನ್ ಕಲ್ಕತ್ತೆಯ ಚೀನೀ ಕೇರಿಯಲ್ಲಿ ಹುಟ್ಟಿ, ಅಪ್ಪನ ಮದ್ದಿನ ಅಂಗಡಿಯಲ್ಲಿ ನಾಡಿ ಹಿಡಿಯುವುದನ್ನು ಕಲಿತವರು. ಯಾರಾದರೂ ತಮ್ಮನ್ನು ಚೀನಾದವರು ಅಂದರೆ ಉರಿದುಬೀಳುತ್ತಿದ್ದರು. ಮೂರು ವರ್ಷ ಗದುಗಿನಲ್ಲಿದ್ದು ನಮ್ಮ ಮಾತನ್ನೂ ಕಲಿತು, ತಪ್ಪು ತಪ್ಪಾಗಿ, ಆದರೆ ಜೋರಾಗಿ ಆಡುತ್ತಿದ್ದರು.

"ನೀವು ಕೇಳ್ತೀರಿ, ಯಾವ ಭಾಗ ಕೆಟ್ಟೈತಿ ಅಂತ. ನಾವು ಹಂಗ ಕೇಳಾಂಗಿಲ್ಲ. ಯಾರು ಯಾರಿಗೆ ಊಟ ಹಾಕತಾರ, ಯಾರು ಯಾರಿಗೆ ಬೈತಾರ, ಅದನ್ನ ಕೇಳ್ತೀವಿ."

ದೇಹದ ಅಂಗಗಳೆಲ್ಲ ಸೇರಿ ಐದು ಗುಂಪುಗಳು. ಪ್ರತಿಯೊಂದೂ ಇನ್ನೊಂದನ್ನು ಪೋಷಿಸುತ್ತದೆ, ಮತ್ತೊಂದನ್ನು ಅಂಕೆಯಲ್ಲಿಡುತ್ತದೆ. ಅಜ್ಜಿ ಕಾಗದದ ಮೇಲೆ ಬಾಣದ ಗುರುತು ಹಾಕುತ್ತಾ ಹೋದಂತೆ ನನ್ನ ಮೈ ಜುಮ್ಮೆಂದಿತು. ಅದು ನಾವು ಕಾಲೇಜಿನಲ್ಲಿ ಬರೆಯುತ್ತಿದ್ದ ಫೀಡ್‌ಬ್ಯಾಕ್ ಚಿತ್ರವೇ. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ನೀರು ಏರಿದರೆ ನಲ್ಲಿ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆಯಲ್ಲ, ಅಂಥ ನೂರಾರು ಚೆಂಡುಗಳು ಒಂದಕ್ಕೊಂದು ಕಟ್ಟಿಕೊಂಡು ತೇಲುತ್ತಿರುವುದೇ ದೇಹ. ರೋಗ ಅಂದರೆ ಒಂದು ಚೆಂಡು ಒಡೆದಿದೆ ಎಂದಲ್ಲ, ಇಡೀ ಮಟ್ಟ ತಪ್ಪಿದೆ ಎಂದು. ಆ ಮಟ್ಟವನ್ನು ಹೊರಗಿನಿಂದ ಓದುವ ಕಿಂಡಿಯೇ ಮುಂಗೈ ನಾಡಿ. ಅಜ್ಜಿ ಮೂರು ಬೆರಳಿಟ್ಟು, ಒಮ್ಮೆ ಹಗುರ, ಒಮ್ಮೆ ಒತ್ತಿ, ಇಪ್ಪತ್ತೆಂಟು ಬಗೆಯ ನಾಡಿಗಳನ್ನು ಹೇಳುತ್ತಿದ್ದರು. ಆ ಬೆರಳುಗಳ ಅಡಿಯಲ್ಲಿ ನಾನು ಸಂವೇದಕ ಇಟ್ಟು, ಅವರು ಹೇಳಿದ್ದನ್ನೆಲ್ಲ ಯಂತ್ರಕ್ಕೆ ಕಲಿಸಿದೆ. ಒಟ್ಟು ಹನ್ನೊಂದು ಸಾವಿರ ಕೈಗಳು.

ಒಂದು ವಿಷಯದಲ್ಲಿ ಮಾತ್ರ ನಮ್ಮ ತಂಡದವರು ತಕರಾರು ತೆಗೆದರು. ಅಜ್ಜಿ ಗಡಿಯಾರ ನೋಡುತ್ತಿರಲಿಲ್ಲ. ತಮ್ಮ ಉಸಿರನ್ನೇ ಅಳತೆಗೋಲು ಮಾಡಿಕೊಂಡಿದ್ದರು. ವೈದ್ಯನ ಒಂದು ಉಸಿರಿಗೆ ರೋಗಿಯ ನಾಡಿ ನಾಲ್ಕು ಸಲ ಬಡಿದರೆ ಸಮ, ಐದಾದರೂ ನಡೆದೀತು. ಮೂರಾದರೆ ನಿಧಾನ, ಅಂದರೆ ಶೀತ. ತಂಡದವರು ಅದನ್ನು ಸೆಕೆಂಡಿಗೆ ಬದಲಾಯಿಸೋಣ ಎಂದರು. ನಾನು ಬಿಡಲಿಲ್ಲ. ಒಂದು ಜೀವವನ್ನು ಇನ್ನೊಂದು ಜೀವ ಅಳೆಯುತ್ತದೆ, ಇದೇ ಈ ಪದ್ಧತಿಯ ತಿರುಳು ಎಂದು ವಾದಿಸಿ, ಅದರ ಮೇಲೆ ಪ್ರಬಂಧ ಬರೆದು ಹೊರದೇಶದಲ್ಲಿ ಓದಿ ಚಪ್ಪಾಳೆ ತಟ್ಟಿಸಿಕೊಂಡು ಬಂದೆ. ಯಂತ್ರಕ್ಕೆ ಉಸಿರಿಲ್ಲ. ಹಾಗಾಗಿ ಅಜ್ಜಿಯ ಉಸಿರನ್ನೇ ಅದಕ್ಕೆ ಗಡಿಯಾರವಾಗಿ ಕೊಟ್ಟೆ. ಕೆಲಸ ಮುಗಿದ ಆರು ತಿಂಗಳಿಗೆ ಅಜ್ಜಿ ತೀರಿಕೊಂಡರು. ಯಂತ್ರ ನಾಲ್ಕು ಲಕ್ಷ ಮುಂಗೈಗಳನ್ನು ಹತ್ತಿತು.

ನಮ್ಮ ಮನೆಗೆ ಅದು ಬಂದದ್ದು ತಡವಾಗಿ. ನನ್ನ ಯಜಮಾನರು ಫಕೀರಪ್ಪ, ಸರಕಾರಿ ಕ್ರೀಡಾಶಾಲೆಯಲ್ಲಿ ಸೈಕ್ಲಿಂಗ್ ಕಲಿಸುವವರು. ಪ್ರಾಯದಲ್ಲಿ ಗದುಗಿನಿಂದ ವಿಜಯಪುರಕ್ಕೆ ಸೈಕಲ್ ಹೊಡೆದು, ಊಟ ಮಾಡಿ, ಮರುದಿನವೇ ವಾಪಸು ಬರುತ್ತಿದ್ದ ಆಸಾಮಿ. ಶಿಕ್ಷಕರಿಗೂ ಪಟ್ಟಿ ಕಡ್ಡಾಯವಾದ ದಿನ ಕಟ್ಟಿಕೊಂಡು ಊಟಕ್ಕೆ ಕೂತರು. ರೊಟ್ಟಿ ಮುರಿಯುತ್ತಿದ್ದ ಹಾಗೆಯೇ ದೀಪ ನೀಲಿಯಾಯಿತು.

"ಏ ರುದ್ರಾ, ನಿನ್ನ ಮಷೀನ ನನಗ ಥಂಡಿ ಆಗೈತಿ ಅಂತೈತಿ ನೋಡು," ಎಂದು ನಕ್ಕರು. "ನಾ ಹುಟ್ಟಿದಾಗಿಂದ ಹಿಂಗ ಅದೀನಿ. ಸೈಕಲ್ ಹೊಡಿಯೋರ ಎದಿ ನಿಧಾನನ ಬಡಿತೈತಿ. ನನ್ನ ಟೀಮಿನ ಹುಡುಗ್ಯಾರದೂ ಹಂಗ."

ಅವರು ಹೇಳಿದ್ದು ಸರಿಯಾಗಿತ್ತು. ಅದನ್ನು ಹೈಸ್ಕೂಲಿನ ಪುಸ್ತಕದಲ್ಲೇ ಬರೆದಿರುತ್ತಾರೆ. ಆದರೆ ನನ್ನ ಯಂತ್ರ ನಾಲ್ಕು ಲಕ್ಷ ಜನರಲ್ಲಿ ತಪ್ಪದೆ ನನ್ನ ಗಂಡನಲ್ಲೇ ತಪ್ಪುತ್ತದೆಯೇ? ಒಳಗೆ ಏನೋ ಇದೆ, ಇವರಿಗೆ ಗೊತ್ತಾಗುತ್ತಿಲ್ಲ ಎಂದುಕೊಂಡೆ. ಮೂರು ದಿನ ನೋಡಿ, ಆಫೀಸಿನಲ್ಲೇ ಕೂತು ಸಹಿ ಹಾಕಿದೆ. ಮನೆಗೆ ಬಂದು, ಇಲಾಖೆಯಿಂದ ಆದೇಶ ಬಂದಿದೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂದೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ಅವರಿಗೆ ಹೇಳಿದ ಮೊದಲ ಸುಳ್ಳು ಅದು. ಪಾಪ, ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು, ಒಂದು ವಾರದಲ್ಲಿ ಬರುತ್ತೇನೆ ಎಂದು ಹೊರಟರು.

ಶೀತಕ್ಕೆ ಉಷ್ಣದ ಮದ್ದು. ಮೊದಲು ಶುಂಠಿ, ದಾಲ್ಚಿನ್ನಿ. ಆಮೇಲೆ ಶುದ್ಧಿ ಮಾಡಿದ ವತ್ಸನಾಭಿ, ಅಂದರೆ ವಿಷದ ಬೇರು. ಅಳತೆಯಲ್ಲಿದ್ದರೆ ಹೃದಯವನ್ನು ಎಬ್ಬಿಸುತ್ತದೆ, ಅಳತೆ ಮೀರಿದರೆ ನಿಲ್ಲಿಸುತ್ತದೆ. ನಾಡಿ ಏರದಿದ್ದರೆ ಯಂತ್ರ ತಾನೇ ಒಂದು ಹಂತ ಏರಿಸುತ್ತದೆ. ಗಟ್ಟಿ ದೇಹ ಅದನ್ನು ಎದುರಿಸಿ ಮತ್ತೆ ತನ್ನ ಮಟ್ಟಕ್ಕೆ ಬರುತ್ತದೆ. ಯಂತ್ರ ಮತ್ತೆ ಏರಿಸುತ್ತದೆ. ಐದನೇ ವಾರದ ಸೋಮವಾರ ನನ್ನ ಪರದೆಯಲ್ಲಿ ಅವರ ಮದ್ದು ಆರನೇ ಹಂತ ತಲುಪಿತ್ತು. ನಾಡಿ ನಲವತ್ತೊಂಬತ್ತು, ಐವತ್ತು, ನಡುವೆ ಒಂದು ಬಡಿತವೇ ಇಲ್ಲ, ಆಮೇಲೆ ಎರಡು ಒಟ್ಟಿಗೆ. ಏಳನೇ ಹಂತ ಶುಕ್ರವಾರ ಬೆಳಿಗ್ಗೆ ಎಂದು ಬರೆದಿತ್ತು.

ಮದ್ದು ನಿಲ್ಲಿಸಲು ನನಗೆ ಅಧಿಕಾರವಿಲ್ಲ. ಯಂತ್ರದ ಲೆಕ್ಕಾಚಾರಕ್ಕೆ ಸರಕಾರ ಮುದ್ರೆ ಹಾಕಿದೆ, ಕಟ್ಟಿದವಳೂ ತೆರೆಯುವಂತಿಲ್ಲ. ಆದರೆ ಅಜ್ಜಿ ನಾಡಿ ಹಿಡಿದಾಗಿನ ಹಳೆಯ ಧ್ವನಿಮುದ್ರಣಗಳು ನನ್ನ ಬಳಿ ಇದ್ದವು. ಯಂತ್ರ ಎಲ್ಲಿ ಎಡವಿತು ಎಂದು ಹುಡುಕುತ್ತಾ ಅವನ್ನೇ ಕೇಳತೊಡಗಿದೆ. ಅಜ್ಜಿಯ ಧ್ವನಿ, "ಮುಂದಿನ ಕೈ." ಆಮೇಲೆ ಮೌನ. ಮೌನದಲ್ಲಿ ಅಜ್ಜಿಯ ಉಸಿರು.

ಗಡಿಯಾರ ಹಿಡಿದು ಎಣಿಸಿದೆ. ಮೊದಲ ವರ್ಷ ನಿಮಿಷಕ್ಕೆ ಹದಿನೇಳು. ಎರಡನೇ ವರ್ಷದ ಕೊನೆಗೆ ಇಪ್ಪತ್ತು. ಮೂರನೇ ವರ್ಷ ಇಪ್ಪತ್ತನಾಲ್ಕು, ಕೆಲವು ದಿನ ಇಪ್ಪತ್ತೈದು. ಹನ್ನೊಂದು ಸಾವಿರದಲ್ಲಿ ಎಂಟು ಸಾವಿರ ಕೈ ಹಿಡಿದದ್ದು ಆ ಮೂರನೇ ವರ್ಷದಲ್ಲಿ. ಲೆಕ್ಕ ಮಗುವೂ ಮಾಡಬಹುದು. ಆರೋಗ್ಯವಂತನ ಎಪ್ಪತ್ತೆರಡು ಬಡಿತವನ್ನು ಇಪ್ಪತ್ತನಾಲ್ಕು ಉಸಿರಿನಿಂದ ಭಾಗಿಸಿದರೆ ಮೂರು. ನಿಧಾನ. ಶೀತ. ನಾಲ್ಕಕ್ಕೆ ಏರಬೇಕಾದರೆ ನಾಡಿ ತೊಂಬತ್ತಾರು ಬಡಿಯಬೇಕು. ಅಜ್ಜಿಯ ಶ್ವಾಸಕೋಶ ಆಗಲೇ ಗಟ್ಟಿಯಾಗುತ್ತಾ ಬಂದಿತ್ತು. ಸಾಯುತ್ತಿದ್ದ ಒಬ್ಬ ಹೆಂಗಸಿನ ಏದುಸಿರಿನಿಂದ ನಾಲ್ಕು ಲಕ್ಷ ಜನರನ್ನು ನಾವು ಅಳೆಯುತ್ತಿದ್ದೆವು. ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸಿದ್ದೂ ಅದೇ ಅಜ್ಜಿಯ ಕೈಯಿಂದಲೇ, ಹಾಗಾಗಿ ಎರಡೂ ತಾಳೆಯಾಗಿದ್ದವು.

ಮತ್ತೊಂದು ಮುದ್ರಣದಲ್ಲಿ ನನ್ನ ಧ್ವನಿಯೂ ಇತ್ತು.

"ಇವತ್ತ ನಾ ಕೈ ಹಿಡಿಬಾರದು ರುದ್ರಾ," ಅಜ್ಜಿ ಹೇಳುತ್ತಿದ್ದರು, ನಡುನಡುವೆ ಏದುತ್ತಾ. "ನನ್ನ ಉಸಿರ ಸರಿ ಇಲ್ಲ. ನಮ್ಮಪ್ಪ ನೆಗಡಿ ಬಂದ್ರ ಅಂಗಡಿ ಬಾಗಿಲಾ ಹಾಕತಿದ್ದ. ಅಳಿಯೋ ಕೋಲ ಡೊಂಕ ಆದ್ರ ಏನ ಅಳೀತಿ?"

"ಇನ್ನೊಂದು ನೂರು ಕೈ ಅಷ್ಟ ಅಜ್ಜಿ. ತಿಂಗಳ ಕೊನಿ ಬಂತು."

ಆ ವರ್ಷ ಅಜ್ಜಿ ಇದನ್ನೇ ಮೂರು ಸಲ ಹೇಳಿದ್ದಾರೆ. ಮೂರು ಸಲವೂ ನಾನು ಇನ್ನೊಂದು ನೂರು ಎಂದಿದ್ದೇನೆ. ಇಯರ್‌ಫೋನನ್ನು ಕಿವಿಯಿಂದ ಕಿತ್ತುಹಾಕಿದರೂ ಆ ಉಸಿರು ಕೇಳಿಸುತ್ತಲೇ ಇತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ನಿರ್ದೇಶಕ ಪ್ರಹ್ಲಾದ ಕಟ್ಟಿಯವರ ಕೋಣೆಗೆ ಓಡಿದೆ. ಕಟ್ಟಿ ಕೆಟ್ಟವರಲ್ಲ. ಎಲ್ಲವನ್ನೂ ಕೇಳಿಸಿಕೊಂಡರು, ಉಸಿರನ್ನು ತಾವೂ ಎಣಿಸಿದರು. ಎಣಿಸುವಾಗ ಅವರ ಮೊಣಕಾಲು ಮೇಜಿನಡಿ ಒಂದೇ ಸಮ ಅಲುಗುತ್ತಿತ್ತು. ಎರಡು ವರ್ಷದಿಂದ ಅವರಿಗೆ ನಿದ್ದೆ ಹತ್ತಿರ ಸುಳಿದಿಲ್ಲ ಎಂದು ಎಲ್ಲರಿಗೂ ಗೊತ್ತು. ಅವರ ಮುಂಗೈಯಲ್ಲಿ ಹಸಿರು ದೀಪ.

"ಮುದ್ರೀ ತೆಗೀಲಿಕ್ಕೆ ಬೆಂಗಳೂರಿನ ಸಮಿತಿ ಕೂಡಬೇಕ್ರೀ. ಅದು ಆರು ತಿಂಗಳಿಗೊಮ್ಮೆ. ನೀವು ಬರದು ಕೊಡ್ರಿ, ನಾ ಕಳಸ್ತೀನಿ."

"ಶುಕ್ರವಾರ ಏಳನೇ ಹಂತ ಐತ್ರಿ ಸರ್! ಅವರು ಉಳಿಯಾಂಗಿಲ್ಲ!"

"ರುದ್ರಾಂಬಿಕಾ ಅವ್ರ, ನಿಮ್ಮ ಯಜಮಾನ್ರು ಒಳಗಿದ್ದಾರ. ಸಮಿತಿಯವರು ಮದಲ ಅದನ್ನ ಕೇಳ್ತಾರ. ನಾಲ್ಕು ಲಕ್ಷ ಮಂದಿ ಹಸಿರಾಗಿ ಓಡಾಡ್ಲಿಕ್ಕತ್ತಾರ, ಒಬ್ಬರ ಸಲುವಾಗಿ ಎಲ್ಲಾನೂ ತಪ್ಪಂತ ಹ್ಯಾಂಗ ಹೇಳೂದು?"

ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕಟ್ಟಿ ಬೇಸರಿಸಿಕೊಳ್ಳಲಿಲ್ಲ, ನನ್ನ ಮುಂಗೈ ತೋರಿಸಿ, "ನೀವು ಹಸಿರ ಅದೀರಿ, ಚಿಂತಿಲ್ಲ ಬಿಡ್ರಿ," ಎಂದರು. ನೋಡಿದೆ. ತೊಂಬತ್ತೆಂಟು. ಭಯ, ಸಿಟ್ಟು ಎಲ್ಲ ಸೇರಿ ನಾನು ಸಂಪೂರ್ಣ ಆರೋಗ್ಯವಂತೆ.

ಆಗ ಹೊಳೆಯಿತು. ಕೆಲಸ ಹೋದೀತು, ಕೇಂದ್ರಕ್ಕೆ ಒಯ್ದಾರು ಎಂಬ ಭಯವೇ ಅಷ್ಟು ಜನರನ್ನು ಹಸಿರಾಗಿ ಇಟ್ಟಿತ್ತು. ಹಿಂದಿನ ವಾರ ಕೇಂದ್ರದಲ್ಲಿದ್ದ ಬೆಟಗೇರಿಯ ಒಬ್ಬ ಕಿರಾಣಿ ವ್ಯಾಪಾರಿಗೆ ಅಂಗಡಿ ಸುಟ್ಟ ಸುದ್ದಿ ಬಂದ ದಿನವೇ ದೀಪ ಹಸಿರಾಗಿತ್ತು. ಅಳುತ್ತಿದ್ದವನಿಗೆ ಹಾರ ಹಾಕಿ ಕಳಿಸಿದ್ದರು. ಇಲ್ಲಿಂದ ಹೊರಗೆ ಹೋಗಲು ಒಂದೇ ದಾರಿ, ಮನುಷ್ಯನ ನೆಮ್ಮದಿ ಕೆಡಬೇಕು.

ಬುಧವಾರ ಮಧ್ಯಾಹ್ನ ರಜೆ ಹಾಕಿ ಮನೆಗೆ ಹೋದೆ. ಪಡಸಾಲೆಯಲ್ಲಿ ಅವರ ಸೈಕಲ್ ಗೋಡೆಗೆ ಒರಗಿತ್ತು. ಅದರ ಪಕ್ಕ ಕೂತು ಯೋಚಿಸಿದೆ. ಓಡಿ, ಜಿಗಿದು ನಾಡಿ ಏರಿಸುವಂತಿಲ್ಲ; ದಿನಾ ಹನ್ನೊಂದು ಗಂಟೆಗೆ ಕಾಲು ಗಂಟೆ ಅಲುಗಾಡದೆ ಕೂರಿಸಿ ಅಳೆಯುತ್ತಾರೆ, ಕೊನೆಯ ಐದು ನಿಮಿಷ ಹಸಿರು ನಿಲ್ಲಬೇಕು. ಉಸಿರು ಬಿಗಿಹಿಡಿಯಲು ಹೋಗಿ ಅವರು ಒಮ್ಮೆ ನರ್ಸ್ ಕೈಗೆ ಸಿಕ್ಕಿಬಿದ್ದಿದ್ದರು. ಅವರಿಗೆ ಸಿಟ್ಟು ಬರಿಸಬೇಕು. ಯಾರಿಗೆ? ತನ್ನ ಹೊಸ ಸೈಕಲ್ ಕದ್ದವನನ್ನು ಹಿಡಿದು, ಚಹಾ ಕುಡಿಸಿ ಕಳಿಸಿದ ಮನುಷ್ಯನಿಗೆ. ಅದೂ ತಪ್ಪಿ ತಪ್ಪಿ ಬಡಿಯುತ್ತಿರುವ ಹೃದಯಕ್ಕೆ. ಸಿಟ್ಟು ಬರದಿದ್ದರೆ ಶುಕ್ರವಾರ ಮದ್ದು ಕೊಲ್ಲುತ್ತದೆ. ಬಂದರೆ ಗುರುವಾರ ನಾನೇ ಕೊಲ್ಲಬಹುದು.

ಹೇಳಲು ನನ್ನಲ್ಲಿ ಒಂದು ನಿಜವಿತ್ತು, ಸಹಿ ನನ್ನದು ಎಂಬುದು. ಇನ್ನೊಂದೂ ಇತ್ತು. ಮುಂದಿನ ಸೋಮವಾರ ಒಳಗೆ ಬರುವವರ ಪಟ್ಟಿಯನ್ನು ಆ ಸಂಜೆ ಮೊದಲ ಸಲ ಓದಿದೆ. ಇನ್ನೂರನಲವತ್ತು ಹೆಸರಿಗೆ ಹೋದ ವಾರ ನಾನೇ ಕಣ್ಣುಮುಚ್ಚಿ ಒಪ್ಪಿಗೆ ಒತ್ತಿದ್ದೆ, ಅದನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ. ಅದರಲ್ಲಿ ಆರು ಹೆಸರು ಅವರ ಸೈಕ್ಲಿಂಗ್ ತಂಡದ ಹುಡುಗಿಯರದು. ಇದನ್ನು ಮಾತ್ರ ಅವರಿಗೆ ಹೇಳಬಾರದು ಎಂದುಕೊಂಡೆ. ಆ ಮಕ್ಕಳು ಅವರ ಜೀವ.

ಗುರುವಾರ ಹನ್ನೊಂದಕ್ಕೆ ಅಳತೆ ಕೋಣೆಯಲ್ಲಿ ಅವರ ಎದುರು ಕೂತೆ. ಮನೆಯವರು ಕೂರಬಹುದು, ಮುಟ್ಟುವಂತಿಲ್ಲ. ಐದು ವಾರಕ್ಕೆ ಅವರ ಕೊರಳು ಸಣ್ಣಗಾಗಿತ್ತು, ತುಟಿ ಒಡೆದು ಕಪ್ಪಗಾಗಿತ್ತು, ಹಣೆಯಲ್ಲಿ ಬೆವರು. ಕೈಗಳನ್ನು ಮರದ ದಿಂಬಿನ ಮೇಲೆ ಇಟ್ಟು ನಕ್ಕರು.

"ಬಾ ಬಾ. ನಿನ್ನ ಕಷಾಯ ಕುಡುದು ಕುಡುದು ನಾನ ಒಂದು ಮೆಣಸಿನಕಾಯಿ ಆಗೀನಿ."

ನನ್ನ ಮಡಿಲಿನ ಪರದೆಯಲ್ಲಿ ಐವತ್ತೆರಡು.

ಎಲ್ಲವನ್ನೂ ಹೇಳಿದೆ. ಅಜ್ಜಿಯ ಉಸಿರು, ನಾನು ಕೇಳದೆ ಹೋದದ್ದು, ಯಂತ್ರದ ತಪ್ಪು. "ಇಲಾಖೆ ಆದೇಶ ಬಂದಿದ್ದಿಲ್ರೀ. ಸಹಿ ಮಾಡಿದಾಕಿ ನಾನ. ಸುಳ್ಳ ಹೇಳಿ ನಿಮ್ಮನ್ನ ಇಲ್ಲಿ ತಂದು ಹಾಕೀನಿ."

ಅರವತ್ತು. ಅರವತ್ತೆಂಟು. ಅವರು ಕಣ್ಣು ಮುಚ್ಚಿಕೊಂಡರು. ಒಂದು ಬಡಿತ ತಪ್ಪಿತು. ನಾನು ಕುರ್ಚಿಯ ಅಂಚು ಹಿಡಿದುಕೊಂಡೆ. ಕಣ್ಣು ತೆರೆದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

"ಹೋಗ್ಲಿ ಬಿಡು ರುದ್ರಾ. ನೀ ನನ್ನ ಚಲೋದಕ್ಕ ಮಾಡಿದಿ. ಅಳಬ್ಯಾಡ, ಎಲ್ಲಾರೂ ನೋಡಾಕತ್ತಾರ."

ಐವತ್ತೇಳು. ಐವತ್ತೊಂದು. ಆ ಮನುಷ್ಯನ ಒಳ್ಳೆಯತನವೇ ಅವರ ಕೊರಳಿಗೆ ಉರುಳಾಗಿತ್ತು. ನನ್ನ ಜೀವನದಲ್ಲಿ ಯಾರ ಕ್ಷಮೆಯೂ ನನಗೆ ಅಷ್ಟು ಹಿಂಸೆ ಕೊಟ್ಟಿಲ್ಲ. ಗಡಿಯಾರದಲ್ಲಿ ಒಂಬತ್ತು ನಿಮಿಷ ಕಳೆದಿತ್ತು.

"ನಿಮ್ಮ ಹುಡುಗ್ಯಾರು ಸೋಮವಾರ ಬರಾಕತ್ತಾರ," ಎಂದೆ.

"ಯಾರ ಹುಡುಗ್ಯಾರು? ಎಲ್ಲಿಗೆ?"

"ಇಲ್ಲಿಗೆ. ಆರು ಮಂದಿ. ಎಲ್ಲಾರದೂ ನೀಲಿ. ನಾನ ಒಪ್ಪಿಗಿ ಕೊಟ್ಟೀನಿ. ಹೆಸರ ಸೈತ ಓದಿದ್ದಿಲ್ಲ."

ಅವರು ನನ್ನನ್ನೇ ನೋಡಿದರು. ಆ ನೋಟವನ್ನು ನಾನು ಹಿಂದೆ ಕಂಡಿರಲಿಲ್ಲ. ಎಪ್ಪತ್ತೆಂಟು.

"ದಾನಮ್ಮ ಗುಡಿಸಾಗರ," ಎಂದೆ. "ಹದಿನೈದು ವರ್ಷ. ನಾಡಿ ಐವತ್ತೊಂದು. ಶುರುವಿಗೇ ಮೂರನೇ ಹಂತದ ಮದ್ದು."

"ರುದ್ರಾ."

"ಸೈರಾಬಾನು. ಐವತ್ನಾಕು. ನೀಲವ್ವ ತಳವಾರ. ನಲವತ್ತಾರು, ಎಲ್ಲಾರಗಿಂತ ಕಡಿಮಿ. ಅಕೀಗೆ ನೇರ ವತ್ಸನಾಭಿ."

"ಆ ಕೂಸು ರಾಷ್ಟ್ರಮಟ್ಟದಾಗ ಸೈಕಲ್ ಹೊಡಿಯಾಕಿ ಅದಾಳ! ಆಕಿ ಎದಿ ಹಂಗ ಕಟ್ಟೀನಿ ನಾನು, ನಾಕು ವರ್ಷ! ನೀನೇನ ಮನಶ್ಯಾಳಾ ಏನು!"

ತೊಂಬತ್ತೇಳು. ದೀಪ ಹಸಿರಾಯಿತು. ಐದು ನಿಮಿಷ ನಿಲ್ಲಬೇಕು. ಅವರ ಕೈಗಳು ದಿಂಬಿನ ಮೇಲೆ ಅಲುಗದೆ ಇದ್ದವು, ಅಷ್ಟು ಬಿಗಿಯಾಗಿ ಒತ್ತಿಕೊಂಡಿದ್ದರು. ನಾನು ನಿಲ್ಲಿಸಲಿಲ್ಲ. ಉಳಿದ ಮೂವರ ಹೆಸರನ್ನೂ ಹೇಳಿದೆ. ಯಾವ ವಾರ ಯಾವ ಮದ್ದು, ಎಷ್ಟನೇ ದಿನ ತುಟಿ ಒಡೆಯುತ್ತದೆ, ಎಷ್ಟನೇ ದಿನ ಬಡಿತ ತಪ್ಪುತ್ತದೆ, ಅವರ ಮೈಯಲ್ಲೇ ಆದದ್ದನ್ನು ಒಂದೊಂದಾಗಿ ಆ ಮಕ್ಕಳ ಮೇಲೆ ಇಟ್ಟು ಹೇಳಿದೆ. ನೂರನಾಲ್ಕು. ಬಡಿತ ತಪ್ಪಿತು, ಮತ್ತೆ ತಪ್ಪಿತು. ಸಾಯಬೇಡಿ, ಸಿಟ್ಟು ಬಿಡಬೇಡಿ, ಸಾಯಬೇಡಿ ಎಂದು ಒಳಗೇ ಬೇಡಿಕೊಳ್ಳುತ್ತಾ, ಹೊರಗೆ ವಿಷ ಕಕ್ಕುತ್ತಿದ್ದೆ. ಯಂತ್ರ ಬೀಪ್ ಎಂದಿತು. ಹದಿನೈದು ನಿಮಿಷ ಮುಗಿದಿತ್ತು.

ಬಿಡುಗಡೆಯ ಚೀಟಿ ಬಂತು. ಅವರು ಮೇಜಿಗೆ ಕೈಯೂರಿ ಎದ್ದರು. ಹಾರ ಹಾಕಲು ಬಂದವಳನ್ನು ಪಕ್ಕಕ್ಕೆ ಸರಿಸಿದರು.

"ಪಟ್ಟಿ ಕೊಡು," ಎಂದರು ನನ್ನ ಮುಖ ನೋಡದೆ.

ಹೆಸರಿನ ಕಾಗದ, ಅಜ್ಜಿಯ ಉಸಿರಿನ ಮುದ್ರಣ, ನನ್ನ ಲೆಕ್ಕ, ಎಲ್ಲ ಇದ್ದ ಲಕೋಟೆ ಕೊಟ್ಟೆ. "ಮದಲ ದವಾಖಾನಿಗೆ ಹೋಗ್ರಿ. ಹೃದಯದ ಡಾಕ್ಟರ್ ಹತ್ರ. ಆಮ್ಯಾಲೆ ಪೇಪರ್‌ನವ್ರ ಕಡೆ."

"ಮದಲ ನೀಲವ್ವನ ಮನಿಗೆ," ಎಂದು ಬಾಗಿಲು ದಾಟಿದರು. ತಿರುಗಿ ನೋಡಲಿಲ್ಲ.

ಕಿಟಕಿಗೆ ಹೋಗಿ ನಿಂತೆ. ಗಾಳಿಯಂತ್ರಗಳ ಕೆಳಗಿನ ರಸ್ತೆಯಲ್ಲಿ ಗದುಗಿನ ಬಸ್ ನಿಂತಿತ್ತು. ಅವರು ಕಂಬಿ ಹಿಡಿದು, ಒಂದು ಕ್ಷಣ ದಣಿವಾರಿಸಿಕೊಂಡು, ಹತ್ತಿದರು. ಅವರ ಮುಂಗೈ ಹಸಿರು ನೋಡಿ ಬಸ್ಸಿನ ಬಾಗಿಲು ಮುಚ್ಚಿತು. ಬಸ್ ತಿರುವಿನಲ್ಲಿ ಮರೆಯಾಗುವ ತನಕ ನೋಡಿದೆ. ಬದುಕಿದ್ದಾರೆ. ಹೊರಗಿದ್ದಾರೆ. ಇನ್ನು ಯಾವತ್ತೂ ನನ್ನ ಜೊತೆ ಮಾತಾಡದಿದ್ದರೂ ಸರಿ. ಎಷ್ಟೋ ವಾರಗಳಿಂದ ಎದೆಯಲ್ಲಿ ಕಟ್ಟಿದ್ದ ಗಂಟು ಸಡಿಲವಾಗಿ, ಅವರು ಕೂತಿದ್ದ ಕುರ್ಚಿಯಲ್ಲೇ ಕೂತೆ. ಸಮಾಧಾನ ಎಂದರೆ ಹೇಗಿರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಾಗಿಲಿಗೆ ಕೈಯೊಡ್ಡಿದೆ. ತೆರೆಯಲಿಲ್ಲ. ಮುಂಗೈ ನೋಡಿಕೊಂಡೆ. ಎಪ್ಪತ್ತೊಂದು. ಐವತ್ತೆರಡು ವರ್ಷದ ಆರೋಗ್ಯವಂತ ಹೆಂಗಸಿನ ನಾಡಿ. ದೀಪ ನೀಲಿ.

ಭಯಪಡಲು ಪ್ರಯತ್ನಿಸಿದೆ. ಏಳನೇ ಹಂತ, ವತ್ಸನಾಭಿ, ಆರು ತಿಂಗಳ ಸಮಿತಿ, ಎಲ್ಲವನ್ನೂ ಒಂದೊಂದಾಗಿ ನೆನೆಸಿಕೊಂಡೆ. ಭಯ ಬರಲಿಲ್ಲ. ಎಪ್ಪತ್ತು.

ನರ್ಸ್ ಬಂದು ನೋಡಿ ಗಾಬರಿಯಾದಳು. "ಅಯ್ಯ, ಮೇಡಂ, ನಿಮ್ಮದೂ ಏನ್ರೀ ಇದು?" ನಾನು ಕೇಂದ್ರದೊಳಗೇ ನೀಲಿಯಾದದ್ದರಿಂದ ಹೊರಗೆ ಬಿಡುವಂತಿಲ್ಲ, ಮದ್ದು ಶುರುಮಾಡಲು ಮಾತ್ರ ಮನೆಯವರ ಸಹಿ ಬೇಕು, ಸಹಿ ಇಲ್ಲದಿದ್ದರೆ ಇಪ್ಪತ್ತೊಂದು ದಿನ ಕಾಯಬೇಕು. ಅರ್ಜಿ ತೆಗೆದು ನನ್ನ ಹೆಸರು ಬರೆದಳು. "ಮನಿಯವ್ರಿಗೆ ಫೋನ್ ಹಚ್ಚಲೇನ್ರೀ? ಈಗರ ಹೋದ್ರಲ್ಲ, ಅಂಗಳದಾಗ ಇರಬೇಕು. ಒಂದು ಸಹಿ ಅಷ್ಟ."

"ಬ್ಯಾಡವಾ," ಎಂದೆ. "ಅವ್ರಿಗೆ ಆರು ಮನಿಗೆ ಹೋಗೋದೈತಿ. ಫೋನ್ ಹಚ್ಚಬ್ಯಾಡ."